ಗಾಣದ ಮೇಲಿನ ರೋಲಿನ ಬುಷ್ ಮಾತ್ರ ಯಾಕೆ ಇಷ್ಟು ಬೇಗ ಸವೆಯುತ್ತದೆ?

ಮಹಾಲಿಂಗಪುರ ಗಾಣ:
ಎಲ್ಲರಿಗೂ ನಮಸ್ಕಾರ ರೀ. ಮಹಾಲಿಂಗಪುರದ ಹತ್ತಿರ ನಮ್ಮ ಬೆಲ್ಲದ ಗಾಣ ಇದೆ. ಮೂರು ರೋಲಿನ ಅಡ್ಡ ಗಾಣ, ಮೋಟರಿನಿಂದ ಗೇರ್ ಮೇಲೆ ಓಡುತ್ತದೆ. ಮೇಲಿನ ರೋಲಿನ ಗನ್‌ಮೆಟಲ್ ಬುಷ್, ಅಂದರೆ ಶಾಫ್ಟ್ ಒಳಗೆ ಕೂತು ತಿರುಗುವ ಲೋಹದ ಬಳೆ, ಒಂದು ಹಂಗಾಮು ಪೂರ್ತಿ ಬಾಳುವುದಿಲ್ಲ. ಸವೆದು ರೋಲು ಅಲುಗಾಡಲು ಶುರುವಾದರೆ ಗೇರಿನ ಹಲ್ಲೂ ಕೆಡುತ್ತವೆ, ಕಬ್ಬಿನ ಹಾಲೂ ಕಡಿಮೆ ಇಳಿಯುತ್ತದೆ. ಕೆಳಗಿನ ಎರಡು ರೋಲಿನ ಬುಷ್ ಅದೇ ಅಂಗಡಿಯವು. ಗ್ರೀಸ್ ಕೂಡ ಅದೇ. ಆದರೆ ಅವು ಎರಡು ಮೂರು ಹಂಗಾಮು ಆರಾಮಾಗಿ ಹೋಗುತ್ತವೆ.

ಒಬ್ಬ ಮೆಕ್ಯಾನಿಕ್ ಇನ್ನೂ ಗಟ್ಟಿ ಗ್ರೀಸ್ ಹಾಕಿ ಅಂದರು. ಇನ್ನೊಬ್ಬರು ಗಾಡಿಯಿಂದ ಇಳಿಸಿದ ಹಳೆ ಎಂಜಿನ್ ಆಯಿಲ್ ಬಿಡಿ ಅಂದರು. ಮೂರನೆಯವರು ಬುಷ್ ತೆಗೆದು ಬೇರಿಂಗ್ ಹಾಕಿಸಿ ಅನ್ನುತ್ತಾರೆ, ಅದಕ್ಕೆ ಖರ್ಚು ಜಾಸ್ತಿ. ಯಾವುದು ಸರಿ? ತಿಳಿದವರು ಹೇಳಿ.

ಉದ್ಯಮಬಾಗ ಟರ್ನರ್:
ಬೆಳಗಾವಿಯಲ್ಲಿ ಇಂಥ ಬುಷ್ ದಿನಾ ಕೈಗೆ ಬರುತ್ತವೆ ಅಣ್ಣಾ. ಮೊದಲು ಮಾಲು ನೋಡಬೇಕು. ಗನ್‌ಮೆಟಲ್ ಅಂದರೆ ಸಾಮಾನ್ಯವಾಗಿ ತಾಮ್ರ 85, ತವರ 5, ಸತು 5, ಸೀಸ 5 ಪಾಲಿನ ಮಿಶ್ರಣ. ಸ್ಕ್ರ್ಯಾಪ್ ಕರಗಿಸಿ ಎರಕ ಹೊಯ್ದರೆ ಆ ಪಾಲು ಸಿಗುವ ಭರವಸೆ ಇಲ್ಲ. ಒಳಗೆ ಗುಳ್ಳೆ ಇದ್ದರೂ ಮೇಲೆ ಕಾಣುವುದಿಲ್ಲ.

ಎರಡನೆಯದು ಶಾಫ್ಟ್. ಅದರ ಮೈ ಮೇಲೆ ಗೀರು ಇದ್ದರೆ ಎಷ್ಟು ಹೊಸ ಬುಷ್ ಹಾಕಿದರೂ ಅದು ತಿಂದು ಹಾಕುತ್ತದೆ. ಉಗುರು ಆಡಿಸಿ ನೋಡಿ, ತಡೆದರೆ ಶಾಫ್ಟ್ ಗ್ರೈಂಡ್ ಮಾಡಿಸಬೇಕು. ಮೂರನೆಯದು ಶಾಫ್ಟಿಗೂ ಬುಷ್ಷಿಗೂ ನಡುವಿನ ಸಂದು. ಶಾಫ್ಟ್ ವ್ಯಾಸದ ಸಾವಿರದಲ್ಲಿ ಒಂದು ಭಾಗದಿಂದ ಎರಡು ಭಾಗದ ಒಳಗೆ ಇರಬೇಕು. 75 ಮಿ.ಮೀ. ಶಾಫ್ಟಿಗೆ 0.075ರಿಂದ 0.15 ಮಿ.ಮೀ. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ, ಗ್ರೀಸಿಗೂ ಜಾಗ ಬೇಕಲ್ವಾ.

ಇಂಡಿ ರೈತ:
ನನಗೆ ಇದು ಮಣ್ಣಿನ ಕೆಲಸ ಅನ್ನಿಸುತ್ತದೆ. ನಮ್ಮ ವಿಜಯಪುರ ಕಡೆ ಬೋರ್‌ವೆಲ್ ಪಂಪಿನಲ್ಲಿ ಉಸುಕು ಬಂದರೆ ಬುಷ್ ಮುಗಿದಂತೆಯೇ. ಕಬ್ಬಿನ ಜೊತೆ ಹೊಲದ ಮಣ್ಣು ಬಂದೇ ಬರುತ್ತದೆ. ಉಸುಕು ಕಬ್ಬಿಣಕ್ಕಿಂತ ಗಟ್ಟಿ. ಮೆತ್ತಗಿನ ಬುಷ್ ಒಳಗೆ ಅದು ಹುದುಗಿ ಕೂತರೆ ಆ ಬುಷ್ಷೇ ಸಾಣೆ ಕಲ್ಲಿನಂತೆ ಶಾಫ್ಟನ್ನು ಮಸೆಯುತ್ತದೆ. ಹೀಗಾಗಿ ಎಷ್ಟೋ ಕಡೆ ಮೆತ್ತಗಿನ ಬುಷ್ ಉಳಿದು ಗಟ್ಟಿ ಶಾಫ್ಟೇ ಮೊದಲು ಸವೆದಿರುತ್ತದೆ. ಸೀಲ್ ಹಾಕಿಸಿ, ಕಬ್ಬು ಝಾಡಿಸಿ ಕೊಡಿ.

ಹಳೆ ಮಿಲ್ ಫಿಟ್ಟರ್:
ಇಂಡಿ ರೈತರು ಹೇಳಿದ ಮಸೆತ ನಿಜ. ಸಕ್ಕರೆ ಕಾರ್ಖಾನೆಯಲ್ಲಿ ಮಿಲ್ ಕಡೆ ಕೆಲಸ ಮಾಡಿದವನು ನಾನು, ಮಳೆಗಾಲ ಮುಗಿದು ಕಬ್ಬು ನುರಿಸಲು ಶುರು ಮಾಡಿದಾಗ ಮಣ್ಣಿನ ಕಾಟ ಹೇಗಿರುತ್ತದೆ ಅಂತ ಕಂಡಿದ್ದೇನೆ. ಆದರೆ ಇಲ್ಲಿ ಅದೇ ಮುಖ್ಯ ಕಾರಣ ಆಗಿದ್ದರೆ ಕೆಳಗಿನ ಬುಷ್‌ಗಳು ಮೊದಲು ಹೋಗಬೇಕಿತ್ತು. ಹಾಲು, ಮಣ್ಣು, ಸಿಪ್ಪೆಯ ಪುಡಿ ಎಲ್ಲಾ ಸೋರುವುದು ಕೆಳಗೆ. ಅವೇ ಬಾಳುತ್ತಿವೆ. ಮಾಲು ಕೆಟ್ಟದ್ದು ಅನ್ನೋಣ ಅಂದರೆ ಒಂದೇ ಅಂಗಡಿಯ ಮಾಲು. ಗ್ರೀಸ್ ಕೆಟ್ಟದ್ದು ಅನ್ನೋಣ ಅಂದರೆ ಗ್ರೀಸೂ ಒಂದೇ. ಮೇಲಿನ ರೋಲಿಗೆ ಭಾರ ಜಾಸ್ತಿ ಅನ್ನುವುದು ನಿಜ, ಎರಡೂ ಕಡೆಯ ಒತ್ತಡ ಅದೇ ತಡೆಯಬೇಕು. ಆದರೆ ಅಷ್ಟಕ್ಕೇ ಇಷ್ಟೊಂದು ವ್ಯತ್ಯಾಸ ಬರುತ್ತದೆ ಅಂತ ನಾನು ಒಪ್ಪುವುದಿಲ್ಲ.

ಗಾಣದ ಅಣ್ಣಾ, ಬಿಚ್ಚಿಟ್ಟ ಹಳೆ ಬುಷ್ ಇದೆಯಾ? ಇದ್ದರೆ ಮೂರು ವಿಷಯ ನೋಡಿ ಹೇಳಿ. ಅದು ಕೂತಿದ್ದ ಹಾಗೇ ಹಿಡಿದರೆ ಒಳಗೆ ಸವೆದ ಜಾಗ ಯಾವ ಕಡೆ ಇದೆ? ಗ್ರೀಸ್ ನಿಪ್ಪಲಿನ (ಗ್ರೀಸ್ ಗನ್ ಹಿಡಿಸುವ ಮೂತಿಯ) ತೂತು ಎಲ್ಲಿದೆ? ಕಬ್ಬು ಕೊಡುವಾಗ ಗನ್ ಒತ್ತಿದರೆ ಗ್ರೀಸ್ ಒಳಗೆ ಹೋಗುತ್ತದೆಯಾ?

ಮಹಾಲಿಂಗಪುರ ಗಾಣ:
ನೋಡಿದೆ ಕಾಕಾ. ಮೇಲಿನ ರೋಲಿನ ಬುಷ್ ಸವೆದಿರುವುದು ಮೇಲ್ಭಾಗದಲ್ಲೇ, ಸ್ವಲ್ಪ ಕಬ್ಬು ಹಾಕುವ ಕಡೆಗೆ ವಾಲಿದೆ. ಕೆಳಭಾಗ ಹೊಸದರ ಹಾಗೇ ಇದೆ. ನಿಪ್ಪಲ್ ಸರಿಯಾಗಿ ನೆತ್ತಿಯ ಮೇಲಿದೆ. ಕೆಳಗಿನ ರೋಲಿನ ಬುಷ್‌ಗಳಿಗೂ ತೂತು ಮೇಲೇ ಇದೆ, ಆದರೆ ಅವು ಸವೆದಿರುವುದು ತಳದಲ್ಲಿ.

ಗನ್ ವಿಷಯ ನೀವು ಕೇಳಿದ್ದು ಸರಿಯಾಯ್ತು. ಗಾಣ ಖಾಲಿ ಓಡುವಾಗ ಮೇಲಿನದಕ್ಕೆ ಸಲೀಸಾಗಿ ಗ್ರೀಸ್ ಹೋಗುತ್ತದೆ. ಕಬ್ಬು ಕೊಟ್ಟಾಗ ಗನ್ ಒತ್ತಲಿಕ್ಕೇ ಆಗುವುದಿಲ್ಲ. ನಿಪ್ಪಲ್ ಕಟ್ಟಿಕೊಂಡಿದೆ ಅಂತ ಅದನ್ನೇ ಬದಲಿಸುತ್ತಿದ್ದೆವು.

ಹಳೆ ಮಿಲ್ ಫಿಟ್ಟರ್:
ನಿಮ್ಮ ಗಾಣದ ರೋಗ ಇದೇ. ವಿವರವಾಗಿ ಹೇಳುತ್ತೇನೆ.

ಕಬ್ಬು ಇಲ್ಲದಾಗ ಮೇಲಿನ ರೋಲು ತನ್ನ ತೂಕದಿಂದ ಬುಷ್ಷಿನ ತಳದ ಮೇಲೆ ಕೂತಿರುತ್ತದೆ. ಆಗ ಸಂದು ಮೇಲ್ಗಡೆ ತೆರೆದಿರುತ್ತದೆ, ಗ್ರೀಸ್ ಹೋಗುತ್ತದೆ. ಕಬ್ಬು ಒಳಗೆ ಬಂದ ಕೂಡಲೇ ಅದು ರೋಲನ್ನು ಮೇಲಕ್ಕೆ ತಳ್ಳುತ್ತದೆ. ಈಗ ಶಾಫ್ಟ್ ಬುಷ್ಷಿನ ಮೇಲ್ಭಾಗಕ್ಕೆ ಒತ್ತಿ ಕೂರುತ್ತದೆ. ಪೂರ್ತಿ ಭಾರ ಬೀಳುವುದು ಅಲ್ಲಿ, ನಿಮ್ಮ ತೂತು ಇರುವುದೂ ಅಲ್ಲೇ. ಶಾಫ್ಟೇ ಆ ತೂತಿಗೆ ಮುಚ್ಚಳ ಆಗಿಬಿಡುತ್ತದೆ. ದೊಡ್ಡ ಕಾರ್ಖಾನೆಯ ಮಿಲ್ಲಿನಲ್ಲೂ ಮೇಲಿನ ರೋಲಿನ ಭಾರ ಮೇಲಿನ ಬೇರಿಂಗೇ ಹೊರುವುದು. ಅದನ್ನು ಕೆಳಕ್ಕೆ ಒತ್ತಿ ಹಿಡಿಯಲು ಎರಡೂ ತುದಿಯಲ್ಲಿ ಹೈಡ್ರಾಲಿಕ್ ಇರುತ್ತದೆ.

ಕೆಳಗಿನ ರೋಲುಗಳ ಲೆಕ್ಕ ತಿರುಗುಮುರುಗು. ಅವುಗಳ ಭಾರ ತಳಕ್ಕೆ, ತೂತು ಮೇಲೆ. ಗ್ರೀಸ್ ಸಡಿಲು ಜಾಗದಲ್ಲಿ ಒಳಗೆ ಬಂದು, ಶಾಫ್ಟಿನ ಮೈಗೆ ಅಂಟಿಕೊಂಡು, ತಿರುಗುತ್ತಾ ಭಾರದ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಅವು ಬಾಳುತ್ತಿವೆ.

ಇದೇ ವಿಷಯದ ಮೇಲೆ ಇಂಗ್ಲೆಂಡಿನಲ್ಲಿ ಬ್ಯೂಚಾಂಪ್ ಟವರ್ ಅನ್ನುವ ಎಂಜಿನಿಯರ್ 1883ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟರು. ರೈಲಿನ ಅಚ್ಚಿನ ಬೇರಿಂಗ್‌ಗಳ ಘರ್ಷಣೆ ಅಳೆಯುತ್ತಿದ್ದರು. ಶಾಫ್ಟಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಭಾರ ಹೊತ್ತ ಹಿತ್ತಾಳೆ ಅದರ ಮೇಲಿತ್ತು. ಎಣ್ಣೆ ಬಿಡಲು ಹಿತ್ತಾಳೆಯ ನೆತ್ತಿಯಲ್ಲಿ ತೂತು ಕೊರೆದರು. ಓಡಿಸಿದರೆ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿತು! ಬೂಚು ಜಡಿದರು, ಅದನ್ನೂ ಹೊರಗೆ ತಳ್ಳಿತು. ಮರದ ಬೆಣೆ ಹೊಡೆದರೂ ನಿಲ್ಲಲಿಲ್ಲ. ಕೊನೆಗೆ ಒತ್ತಡದ ಮೀಟರ್ ಕೂರಿಸಿದರೆ ಮುಳ್ಳು ಚದರ ಇಂಚಿಗೆ 200 ಪೌಂಡಿನ ಗೆರೆ ದಾಟಿತು. ಭಾರ ಹೊರುವ ಜಾಗದಲ್ಲಿ ಎಣ್ಣೆಯ ಒತ್ತಡ ಎಷ್ಟಿರುತ್ತದೆ ಅಂತ ಎಲ್ಲರಿಗೂ ಕಂಡಿದ್ದು ಆಗ. ಆಮೇಲೆ 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅದರ ಗಣಿತ ಬರೆದರು. ತಿರುಗುವ ಶಾಫ್ಟ್ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಎಳೆದುಕೊಂಡು ಹೋಗುತ್ತದೆ, ಆ ಎಳೆತದಿಂದಲೇ ಒತ್ತಡ ಹುಟ್ಟಿ ಭಾರವನ್ನು ಎತ್ತಿ ಹಿಡಿಯುತ್ತದೆ.

ಇಷ್ಟು ಹಳೆಯ ಪಾಠ. ಆದರೂ ಇವತ್ತಿಗೂ ಎಷ್ಟೋ ಯಂತ್ರಗಳಿಗೆ ಕೈಗೆ ಎಟುಕುತ್ತದೆ ಅನ್ನುವ ಒಂದೇ ಕಾರಣಕ್ಕೆ ನೆತ್ತಿಯಲ್ಲಿ ನಿಪ್ಪಲ್ ಇಡುತ್ತಾರೆ. ಭಾರ ಯಾವ ಕಡೆ ಅಂತ ಯಾರೂ ಕೇಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಮೆಕ್ಯಾನಿಕಲ್ ಆರನೇ ಸೆಮ್:
ಸರ್, ಒಂದು ಅನುಮಾನ. ನಾನು ಬೆಳಗಾವಿಯಲ್ಲಿ ಓದುತ್ತಿದ್ದೇನೆ. ಟವರ್ ಪ್ರಯೋಗದಲ್ಲಿ ಎಣ್ಣೆಯ ಪೂರ್ತಿ ಪದರ ಇತ್ತು. ಗಾಣದಲ್ಲಿ ಅದು ಇರಲು ಸಾಧ್ಯವೇ ಇಲ್ಲ ಅಲ್ವಾ? 1902ರಲ್ಲಿ ಸ್ಟ್ರೈಬೆಕ್ ತೋರಿಸಿದ ಗ್ರಾಫ್ ಪ್ರಕಾರ ಎಣ್ಣೆಯ ದಪ್ಪ ಮತ್ತು ವೇಗ ಜಾಸ್ತಿಯಾದರೆ ಪದರ ಕಟ್ಟುತ್ತದೆ, ಭಾರ ಜಾಸ್ತಿಯಾದರೆ ಒಡೆಯುತ್ತದೆ.

ಲೆಕ್ಕ ಮಾಡಿದೆ. 75 ಮಿ.ಮೀ. ಶಾಫ್ಟ್ ನಿಮಿಷಕ್ಕೆ 12 ಸುತ್ತು ತಿರುಗಿದರೆ ಅದರ ಮೈ ಜಾರುವ ವೇಗ ಸೆಕೆಂಡಿಗೆ 5 ಸೆಂಟಿಮೀಟರಿಗಿಂತ ಕಡಿಮೆ. 40 ಮಿ.ಮೀ. ಮೋಟರ್ ಶಾಫ್ಟ್ 1440ರಲ್ಲಿ ತಿರುಗಿದರೆ ಸೆಕೆಂಡಿಗೆ ಸುಮಾರು 3 ಮೀಟರ್. ಅರವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಹಾಗಿದ್ದರೆ ರೆನಾಲ್ಡ್ಸ್ ಹೇಳಿದ್ದು ಇಲ್ಲಿ ಅನ್ವಯ ಆಗುವುದು ಹೇಗೆ?

ಬಾಗಲಕೋಟೆ ಮಾಸ್ತರ:
ಒಳ್ಳೆಯ ಪ್ರಶ್ನೆ ತಮ್ಮಾ, ಲೆಕ್ಕವೂ ಸರಿ ಇದೆ. ಗಾಣದ ಬುಷ್ಷಿನಲ್ಲಿ ಲೋಹಕ್ಕೆ ಲೋಹ ಅಲ್ಲಲ್ಲಿ ತಾಗುತ್ತಲೇ ಇರುತ್ತದೆ. ನಡುವೆ ಇರುವುದು ಮೈಗೆ ಅಂಟಿಕೊಂಡ ತೆಳುವಾದ ಜಿಡ್ಡಿನ ಪೊರೆ ಮಾತ್ರ. ಎಣ್ಣೆ ತೇಲಿಸಿ ಹಿಡಿಯುವ ಸ್ಥಿತಿ ಇಲ್ಲಿ ಬರುವುದಿಲ್ಲ.

ಹಾಗಂತ ಫಿಟ್ಟರ್ ಕಾಕಾ ಹೇಳಿದ್ದು ಬಿದ್ದುಹೋಗುವುದಿಲ್ಲ. ನಿಧಾನವಾಗಿ ತಿರುಗುವ ಬುಷ್ಷಿಗೆ ಅದು ಇನ್ನೂ ಮುಖ್ಯ. ತಾಗಿದ ಕಡೆಯೆಲ್ಲ ಆ ಪೊರೆ ಹರಿದುಹೋಗುತ್ತಿರುತ್ತದೆ. ಹರಿದಲ್ಲಿ ಹೊಸ ಗ್ರೀಸ್ ಬಂದು ತುಂಬಬೇಕು. ವೇಗದ ಶಾಫ್ಟ್ ತಾನೇ ಎಣ್ಣೆ ಎಳೆದುಕೊಳ್ಳುತ್ತದೆ. ನಿಧಾನದ ಶಾಫ್ಟಿಗೆ ಆ ಶಕ್ತಿ ಕಡಿಮೆ, ಆದ್ದರಿಂದ ಗ್ರೀಸಿಗೆ ನಾವೇ ದಾರಿ ಮಾಡಿಕೊಡಬೇಕು. ದಾರಿಯನ್ನು ಭಾರದ ಜಾಗದಲ್ಲೇ ಇಟ್ಟರೆ ಎರಡು ನಷ್ಟ. ಗ್ರೀಸ್ ಒಳಗೆ ಬರುವುದಿಲ್ಲ. ಜೊತೆಗೆ ತೂತು, ಗ್ರೂವ್ (ಗ್ರೀಸ್ ಹರಿಯುವ ಸಣ್ಣ ಕಾಲುವೆ) ಅಂತ ಭಾರ ಹೊರುವ ಮೈಯನ್ನೂ ಕೊರೆದು ಕಳೆದುಕೊಂಡಿರುತ್ತೇವೆ.

ಮೆಕ್ಯಾನಿಕಲ್ ಆರನೇ ಸೆಮ್:
ಸರ್, ಅದಕ್ಕೇ ಇನ್ನೊಂದು ಕೇಳುತ್ತೇನೆ. ಅಮೊಂಟನ್ಸ್ 1699ರಲ್ಲೇ ಘರ್ಷಣೆ ತಾಗುವ ಮೈಯ ಅಗಲದ ಮೇಲೆ ನಿಲ್ಲುವುದಿಲ್ಲ ಅಂದರು. ಹಾಗಿದ್ದರೆ ಮೈ ಕಳೆದುಕೊಂಡರೆ ಏನು ನಷ್ಟ? ಬುಷ್ ಉದ್ದ ಇದ್ದರೂ ಗಿಡ್ಡ ಇದ್ದರೂ ಒಂದೇ ಆಗಬೇಕಲ್ವಾ?

ಬಾಗಲಕೋಟೆ ಮಾಸ್ತರ:
ಘರ್ಷಣೆಯ ಬಲಕ್ಕೆ ಆ ಮಾತು ಸರಿ, ಸವೆತಕ್ಕೆ ಅಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ನಮ್ಮ ಹುಡುಗರು ಪರೀಕ್ಷೆಯಲ್ಲೂ ತಪ್ಪುತ್ತಾರೆ.

ಎಷ್ಟೇ ನುಣುಪಾದ ಲೋಹದ ಮೈ ತೆಗೆದುಕೊಂಡರೂ ಸೂಕ್ಷ್ಮವಾಗಿ ನೋಡಿದರೆ ಏರು ತಗ್ಗು ಇರುತ್ತವೆ. ಎರಡು ಮೈ ಸೇರಿದಾಗ ತಾಗುವುದು ಏರುಗಳ ತುದಿ ಮಾತ್ರ. ನಿಜವಾಗಿ ತಾಗಿದ ಜಾಗ ಕಣ್ಣಿಗೆ ಕಾಣುವ ಮೈಯ ಬಹಳ ಚಿಕ್ಕ ಪಾಲು. ಭಾರ ಹೆಚ್ಚಾದಂತೆ ತುದಿಗಳು ಚಪ್ಪಟೆಯಾಗಿ ಆ ಜಾಗ ಬೆಳೆಯುತ್ತದೆ. ಬೌಡನ್ ಮತ್ತು ಟೇಬರ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಅದಕ್ಕೇ ಘರ್ಷಣೆ ಭಾರವನ್ನು ಕೇಳುತ್ತದೆ, ಹೊರಗಿನ ಅಗಲವನ್ನು ಕೇಳುವುದಿಲ್ಲ.

ಈಗ ಸವೆತ. 1953ರ ಆರ್ಚರ್ಡ್ ಸೂತ್ರ ನೆನಪಿಸಿಕೋ. ಸವೆದು ಹೋಗುವ ಲೋಹದ ಗಾತ್ರ ಭಾರ ಮತ್ತು ಜಾರಿದ ದೂರಕ್ಕೆ ತಕ್ಕಂತೆ ಏರುತ್ತದೆ, ಮೆತ್ತಗಿನ ಲೋಹದ ಗಡಸುತನ ಹೆಚ್ಚಿದಂತೆ ಇಳಿಯುತ್ತದೆ. ಗಾತ್ರ ಅಷ್ಟೇ ಇದ್ದರೂ ಉದ್ದದ ಬುಷ್ಷಿನಲ್ಲಿ ಅದು ಹೆಚ್ಚು ಮೈ ಮೇಲೆ ಹಂಚಿ ಹೋಗುತ್ತದೆ, ಹಾಗಾಗಿ ಸವೆತದ ಆಳ ಕಡಿಮೆ. ಗಾಣದವರಿಗೆ ತೊಂದರೆ ಕೊಡುವುದು ಆಳವೇ ತಾನೇ? ಸಂದು ದೊಡ್ಡದಾದರೆ ರೋಲು ಅಲುಗಾಡುತ್ತದೆ.

ಆ ಸೂತ್ರದಲ್ಲಿ ಒಂದು ಗುಣಾಂಕ ಬರುತ್ತದಲ್ಲ, ಆಟ ಎಲ್ಲಾ ಅದರಲ್ಲೇ ಇದೆ. ಒಣ ಮೈಗೂ ಜಿಡ್ಡು ಇರುವ ಮೈಗೂ ಅದು ಅಜಗಜಾಂತರ. ಅದೇ ಭಾರ, ಅದೇ ವೇಗ, ಅದೇ ಲೋಹ. ಜಿಡ್ಡು ತಲುಪಿದ ಬುಷ್ ವರ್ಷಗಟ್ಟಲೆ ಬಾಳುತ್ತದೆ, ತಲುಪದ್ದು ಒಂದು ಹಂಗಾಮಿಗೇ ಮುಗಿಯುತ್ತದೆ. ಹೋಮ್‌ಬರ್ಗ್ ಮತ್ತು ಎರ್ಡೆಮಿರ್ 2017ರಲ್ಲಿ ಹಾಕಿದ ಅಂದಾಜಿನಂತೆ ಇಡೀ ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇ 23ರಷ್ಟು ಇಂಥ ತಿಕ್ಕಾಟದ ಜಾಗಗಳಲ್ಲೇ ಹೋಗುತ್ತದೆ. ಶೇ 20 ಘರ್ಷಣೆ ಮೀರಲು, ಶೇ 3 ಸವೆದ ಭಾಗಗಳನ್ನು ಮತ್ತೆ ಮಾಡಲು. ಇದನ್ನು ನಮ್ಮ ಕಾಲೇಜುಗಳಲ್ಲಿ ಬೇಕಾದವರು ಓದುವ ಐಚ್ಛಿಕ ವಿಷಯ ಅಂತ ಬದಿಗಿಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಮಹಾಲಿಂಗಪುರ ಗಾಣ:
ಮಾಸ್ತರ, ಸೂತ್ರ ಪೂರ್ತಿ ತಲೆಗೆ ಹೋಗಲಿಲ್ಲ, ಆದರೆ ಆಳದ ಮಾತು ತಿಳಿಯಿತು. ಈಗ ಗ್ರೀಸ್ ಯಾವುದು ಹಾಕಲಿ? ನಮ್ಮ ಅಜ್ಜ ಚಕ್ಕಡಿ ಗಾಲಿಗೆ ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಬೆಲ್ಲ ತಿನ್ನುವ ಪದಾರ್ಥ, ಅದಕ್ಕೆ ಔಡಲ ಎಣ್ಣೆಯೇ ಬಿಟ್ಟರೆ ಹೇಗೆ?

ಎಣ್ಣೆ ಪರೀಕ್ಷೆ ಅಕ್ಕ:
ನಾನು ಎಣ್ಣೆ, ಗ್ರೀಸ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ ಅಣ್ಣಾ. ಮೊದಲು ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಳೆ ಎಂಜಿನ್ ಆಯಿಲ್ ಗಾಣದ ಹತ್ತಿರವೂ ತರಬೇಡಿ. ಅದರಲ್ಲಿ ಮಸಿ, ಸವೆದ ಲೋಹದ ಪುಡಿ, ಸುಟ್ಟ ಇಂಧನದ ಕೊಳೆ ಎಲ್ಲಾ ಇರುತ್ತದೆ. ಬುಷ್ಷಿಗೂ ಕೆಟ್ಟದ್ದು. ಒಂದು ಹನಿ ಹಾಲಿಗೆ ಬಿದ್ದರೆ ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲದ ಜೊತೆ ಮಕ್ಕಳ ಬಾಯಿಗೆ ಹೋಗುತ್ತದೆ.

ಔಡಲ ಎಣ್ಣೆ ಒಳ್ಳೆಯ ಜಿಡ್ಡು, ಅದರಲ್ಲಿ ಅನುಮಾನ ಇಲ್ಲ. ಲೋಹದ ಮೈಗೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ರೋಟರಿ ಎಂಜಿನಿನ ವಿಮಾನಗಳೂ ಅದರ ಮೇಲೇ ಹಾರುತ್ತಿದ್ದವು. ನಿಮ್ಮ ಅಜ್ಜ ಕರಿ ಕಲಸಿದ್ದೂ ಬುದ್ಧಿವಂತಿಕೆಯ ಕೆಲಸ, ಎಣ್ಣೆ ಹರಿದುಹೋಗದೆ ಅಚ್ಚಿನ ಮೇಲೆ ನಿಲ್ಲಲು ಅದು ಸಹಾಯ ಮಾಡುತ್ತದೆ. ಆದರೆ ಗಾಳಿ, ಬಿಸಿ ತಗುಲಿದಂತೆ ಔಡಲ ಎಣ್ಣೆ ಅಂಟಾಗುತ್ತಾ ಬರುತ್ತದೆ. ಹಗಲು ರಾತ್ರಿ ಓಡುವ ಗಾಣಕ್ಕೆ ಪದೇ ಪದೇ ಬಿಡುತ್ತಲೇ ಇರಬೇಕು, ಗ್ರೂವ್ ಕಟ್ಟಿದರೆ ತೆಗೆದು ತೊಳೆಯಬೇಕು. ಬೇರೇನೂ ಸಿಗದಿದ್ದರೆ ಮಾತ್ರ ಅದು.

ಗ್ರೀಸಿನಲ್ಲಿ ಅಂಗಡಿಗೆ ಹೋಗಿ ಎಚ್-1 ದರ್ಜೆಯದು ಕೇಳಿ. ಆಹಾರಕ್ಕೆ ಅಕಸ್ಮಾತ್ ತಗುಲಬಹುದಾದ ಜಾಗಕ್ಕೆ ಅಂತಲೇ ಮಾಡಿದ್ದು. ಅದರಲ್ಲಿ ಕ್ಯಾಲ್ಸಿಯಂ ಸಲ್ಫೊನೇಟ್ ಕಾಂಪ್ಲೆಕ್ಸ್ ಸಿಕ್ಕರೆ ಉತ್ತಮ, ನೀರು, ಹಾಲು ಬಿದ್ದರೂ ಬೇಗ ತೊಳೆದು ಹೋಗುವುದಿಲ್ಲ. ಎಚ್-1 ಅಂದ ಮಾತ್ರಕ್ಕೆ ಹಾಲಿಗೆ ಬಿದ್ದರೂ ನಡೆಯುತ್ತದೆ ಅಂತ ಅರ್ಥ ಅಲ್ಲ. ಬುಷ್ಷಿನ ಕೆಳಗೆ ತಗಡಿನ ತಟ್ಟೆ ಕಟ್ಟಿ, ಹೊರಬಂದ ಗ್ರೀಸ್ ಅದರಲ್ಲೇ ಬೀಳಲಿ. ಟರ್ನರ್ ಅಣ್ಣ ಹೇಳಿದ ಗನ್‌ಮೆಟಲ್ಲಿನಲ್ಲಿ ಸೀಸ ಇದೆ, ಸವೆದ ಪುಡಿ ಹಾಲಿಗೆ ಹೋಗದಿರಲೂ ಆ ತಟ್ಟೆ ಬೇಕೇ ಬೇಕು.

ಗಟ್ಟಿ ಗ್ರೀಸ್ ಹಾಕಿ ಅಂದವರ ಮಾತು ಕೇಳಬೇಡಿ. ಗ್ರೀಸಿನ ಗಟ್ಟಿತನ ಹೇಳುವ ಎನ್.ಎಲ್.ಜಿ.ಐ. ನಂಬರ್ 2 ಸಾಕು, ಚಳಿಗಾಲದ ರಾತ್ರಿ ಗನ್ ಒತ್ತಲು ಕಷ್ಟವಾದರೆ 1 ತೆಗೆದುಕೊಳ್ಳಿ. ಗ್ರೀಸ್ ಗಟ್ಟಿಯಾದಷ್ಟೂ ಸಂದಿಗೆ ಹರಿಯುವುದು ಕಷ್ಟ. ಭಾರಕ್ಕೆ ತಕ್ಕ ಶಕ್ತಿ ಬೇಕಾದರೆ ಒಳಗಿರುವ ಎಣ್ಣೆ ದಪ್ಪ ಇರಬೇಕು. ಎಣ್ಣೆಯ ದಪ್ಪ ಹೇಳುವ ನಂಬರ್ ವಿ.ಜಿ., ಅದು 460 ಆಸುಪಾಸಿನ ಎಣ್ಣೆ ಇರುವ ಗ್ರೀಸ್ ಕೇಳಿ. ಹೊಸದು ಹಾಕುವ ಮೊದಲು ಹಳೆಯದನ್ನು ಪೂರ್ತಿ ಒರೆಸಿ ತೆಗೆಯಿರಿ. ಗ್ರೀಸ್ ಗಟ್ಟಿಯಾಗಲು ಅದರಲ್ಲಿ ಸೋಪು ಬೆರೆಸಿರುತ್ತಾರೆ, ಬೇರೆ ಬೇರೆ ಸೋಪಿನ ಗ್ರೀಸ್ ಬೆರೆತರೆ ಕೆಲವು ಸಲ ನೀರಾಗಿ ಸೋರಿಹೋಗುತ್ತವೆ. ಇ.ಪಿ. (ಅತಿ ಒತ್ತಡ ತಡೆಯುವುದು) ಅಂತ ಬರೆದ ಡಬ್ಬಿ ಕೊಳ್ಳುವಾಗ ತಾಮ್ರದ ಮಿಶ್ರಲೋಹಕ್ಕೆ ನಡೆಯುತ್ತದೆಯಾ ಅಂತ ವಿಚಾರಿಸಿ. ಕೆಲವದರಲ್ಲಿ ಇರುವ ಚುರುಕಾದ ಗಂಧಕ ಬಿಸಿಯಾದಾಗ ಗನ್‌ಮೆಟಲ್ಲನ್ನು ತಿನ್ನುತ್ತದೆ.

ಇಂಡಿ ರೈತ:
ಅಕ್ಕ, ತಟ್ಟೆಯ ಮಾತು ಎಲ್ಲಾ ಗಾಣದವರೂ ಕೇಳಿಸಿಕೊಳ್ಳಬೇಕಾದದ್ದು. ಫಿಟ್ಟರ್ ಕಾಕಾನ ವಾದ ಒಪ್ಪಿದೆ, ಮಣ್ಣು ಮೊದಲ ಕಾರಣ ಅಲ್ಲ. ಆದರೂ ಹೊಸ ಬುಷ್ ಹಾಕಿದಾಗ ಸೀಲ್ ಬಿಡಬೇಡಿ.

ಮಹಾಲಿಂಗಪುರ ಗಾಣ:
ಸರಿ. ತೂತು ಬದಿಗೆ ಬರಬೇಕು ಅಂತಾಯ್ತು. ಯಾವ ಬದಿಗೆ? ಇನ್ನೊಂದು ಅಡಚಣೆ, ಬುಷ್ಷಿನ ಎರಡೂ ಬದಿಗೆ ಗಾಣದ ದಪ್ಪ ಚೌಕಟ್ಟು ಇದೆ. ಅದನ್ನು ಕೊರೆಯಲು ನನಗೆ ಧೈರ್ಯ ಇಲ್ಲ.

ಹಳೆ ಮಿಲ್ ಫಿಟ್ಟರ್:
ಸಿಪ್ಪೆ ಬೀಳುವ ಬದಿಗೆ. ಯಾಕೆ ಅಂತ ನೀವೇ ಗಾಣದ ಮುಂದೆ ನಿಂತು ನೋಡಿ. ಮೇಲಿನ ರೋಲಿನ ಕೆಳಮೈ ಕಬ್ಬನ್ನು ಎಳೆದುಕೊಂಡು ಸಿಪ್ಪೆ ಕಡೆಗೆ ಹೋಗುತ್ತದೆ. ಅಂದರೆ ಅದರ ಮೇಲ್ಮೈ ಸಿಪ್ಪೆ ಕಡೆಯಿಂದ ಕಬ್ಬು ಹಾಕುವ ಕಡೆಗೆ ಬರುತ್ತಿರುತ್ತದೆ. ಭಾರದ ಜಾಗ ನೆತ್ತಿ. ಹಾಗಾಗಿ ಶಾಫ್ಟಿನ ಮೈ ಭಾರದೊಳಗೆ ಹೊಕ್ಕುವುದು ಸಿಪ್ಪೆ ಬದಿಯಿಂದ. ಗ್ರೀಸ್ ಅಲ್ಲೇ ಸಿಗಬೇಕು, ಸವೆದ ಜಾಗಕ್ಕಿಂತ ಕಾಲು ಸುತ್ತು ಮೊದಲು. ಸವೆತ ಕಬ್ಬು ಹಾಕುವ ಕಡೆಗೆ ವಾಲಿದ್ದಕ್ಕೂ ಕಾರಣ ಇದೆ. ಸಿಪ್ಪೆ ಕಡೆಯ ರೋಲಿನ ಸಂದು ಬಿಗಿ ಇರುತ್ತದೆ, ಅಲ್ಲಿಯ ಒತ್ತಡವೇ ಜಾಸ್ತಿ. ಅದು ಮೇಲಿನ ರೋಲನ್ನು ಎತ್ತುವುದರ ಜೊತೆಗೆ ಆಚೆ ಬದಿಗೂ ತಳ್ಳುತ್ತದೆ. ನೀವು ನೋಡಿ ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಚೌಕಟ್ಟಿನ ವಿಷಯ ಟರ್ನರ್ ಹೇಳಲಿ.

ಉದ್ಯಮಬಾಗ ಟರ್ನರ್:
ಚೌಕಟ್ಟು ಮುಟ್ಟುವುದೇ ಬೇಡ. ನಿಪ್ಪಲ್ ನೆತ್ತಿಯಲ್ಲೇ ಇರಲಿ. ಹೊಸ ಬುಷ್ಷಿನ ಹೊರಮೈಗೆ ಸುತ್ತಲೂ ಒಂದು ಗ್ರೂವ್ ಲೇತಿನಲ್ಲಿ ತೆಗೆಯುತ್ತೇವೆ. ನಿಪ್ಪಲಿನಿಂದ ಬಂದ ಗ್ರೀಸ್ ಆ ಹೊರಗಿನ ಗ್ರೂವ್ ಹಿಡಿದು ಬದಿಗೆ ಹೋಗುತ್ತದೆ. ಅಲ್ಲಿ, ಸಿಪ್ಪೆ ಬದಿಯಲ್ಲಿ ಮಾತ್ರ, ಒಳಕ್ಕೆ ತೂತು. ನೆತ್ತಿಯ ಜಾಗದಲ್ಲಿ ಬುಷ್ಷಿಗೆ ತೂತೇ ಇರುವುದಿಲ್ಲ, ಅಲ್ಲಿ ಪೂರ್ತಿ ಮೈ ಭಾರ ಹೊರಲು ಸಿಗುತ್ತದೆ. ಹೊರಮೈಯ ಗ್ರೂವಿನಿಂದ ಭಾರ ಹೊರುವ ಶಕ್ತಿಗೆ ದೊಡ್ಡ ಪೆಟ್ಟಿಲ್ಲ, ಗೋಡೆ ದಪ್ಪ ಸಾಕಷ್ಟು ಬಿಟ್ಟರೆ ಆಯ್ತು.

ಒಳಗೆ ಆ ತೂತಿನಿಂದ ಶಾಫ್ಟಿನ ಉದ್ದಕ್ಕೆ ಒಂದು ನೇರ ಗ್ರೂವ್ ಬೇಕು. ಎರಡೂ ತುದಿ ತನಕ ಒಯ್ಯಬಾರದು, ಒಯ್ದರೆ ಗ್ರೀಸ್ ಒತ್ತಿದಷ್ಟೂ ಹೊರಗೇ ಹೋಗುತ್ತದೆ. ಎರಡೂ ಕಡೆ 10 ಮಿ.ಮೀ. ಆದರೂ ಬಿಡಿ. ಗ್ರೂವಿನ ಅಂಚು ಚೂಪಾಗಿ ಬಿಟ್ಟರೆ ಅದು ಶಾಫ್ಟಿನ ಮೇಲಿನ ಗ್ರೀಸನ್ನು ಕೆರೆದು ತೆಗೆಯುತ್ತದೆ. ಶಾಫ್ಟ್ ತಿರುಗಿ ಹೋಗುವ ಕಡೆಯ ಅಂಚನ್ನು ಚೆನ್ನಾಗಿ ಉರುಟು ಮಾಡಬೇಕು, ಗ್ರೀಸ್ ಅಲ್ಲಿಂದಲೇ ಒಳಗೆ ಜಾರುವುದು. ಬುಷ್ ತಿರುಗದಂತೆ ಗ್ರಬ್ ಸ್ಕ್ರೂ ಹಾಕಲೇಬೇಕು. ಬುಷ್ ಸ್ವಲ್ಪ ತಿರುಗಿದರೂ ತೂತಿನ ಜಾಗ ತಪ್ಪಿ ಮತ್ತೆ ಅದೇ ಕಥೆ.

ಬೇರಿಂಗ್ ಬಗ್ಗೆ ಕೇಳಿದ್ದಿರಿ. ರೋಲರ್ ಬೇರಿಂಗ್ ಘರ್ಷಣೆ ಕಡಿಮೆ ಮಾಡುತ್ತದೆ, ಕರೆಂಟೂ ಸ್ವಲ್ಪ ಉಳಿಯುತ್ತದೆ. ಆದರೆ ಹಾಲು ಒಳಗೆ ಹೊಕ್ಕರೆ ತುಕ್ಕು ಹಿಡಿದು ಕೆಡುತ್ತದೆ. ಒಳ್ಳೆಯ ಹೌಸಿಂಗ್, ಒಳ್ಳೆಯ ಸೀಲ್ ಎರಡೂ ಇಲ್ಲದೆ ಹಾಕಿಸಬೇಡಿ. ಮೊದಲು ಈ ಬುಷ್ ನೋಡೋಣ. ಫಾಸ್ಫರ್ ಬ್ರಾಂಜ್ ಹಾಕಿಸಲಾ ಅಂತ ಕೆಲವರು ಕೇಳುತ್ತಾರೆ. ಅದು ಗನ್‌ಮೆಟಲ್ಲಿಗಿಂತ ಗಡಸು, ಭಾರ ಜಾಸ್ತಿ ತಡೆಯುತ್ತದೆ. ಆದರೆ ಶಾಫ್ಟೂ ಅದಕ್ಕೆ ತಕ್ಕ ಗಡಸು ಇರಬೇಕು. ನಿಮ್ಮದು ಸಾದಾ ಇಎನ್-8 ಉಕ್ಕು ಆಗಿದ್ದು ಹಾರ್ಡ್ ಮಾಡಿಸಿಲ್ಲ ಅಂದರೆ ಗನ್‌ಮೆಟಲ್ಲೇ ಇರಲಿ. ಬುಷ್ ಹೋದರೆ ಬದಲಿಸಬಹುದು, ಶಾಫ್ಟ್ ಹೋದರೆ ಖರ್ಚು ದೊಡ್ಡದು.

ಮಹಾಲಿಂಗಪುರ ಗಾಣ:
ಕಾಕಾ, ಮಾಸ್ತರ, ಅಕ್ಕ, ಟರ್ನರ್ ಅಣ್ಣಾ, ಎಲ್ಲರಿಗೂ ಬಹಳ ಧನ್ಯವಾದ. ಹಳೆ ಬುಷ್ಷಿನ ಮೇಲೆ ನೆತ್ತಿ, ಸಿಪ್ಪೆ ಬದಿ ಎರಡಕ್ಕೂ ಪಂಚ್ ಗುರುತು ಹೊಡೆದಿದ್ದೇನೆ. ಶಾಫ್ಟಿನ ಮೇಲೆ ಒಂದು ಕಡೆ ಉಗುರು ತಡೆಯುತ್ತದೆ, ಅದನ್ನೂ ಬಿಚ್ಚಿ ಬೆಳಗಾವಿಗೆ ಕಳಿಸುತ್ತೇನೆ. ಗ್ರೈಂಡ್ ಮಾಡಿದ ಮೇಲೆ ಬುಷ್ ಬೋರ್ ಅಳತೆ ಬದಲಾಗುತ್ತದಲ್ಲ, ಎರಡೂ ಒಟ್ಟಿಗೆ ಕೊಡಬೇಕಾ?

ಉದ್ಯಮಬಾಗ ಟರ್ನರ್:
ಹೌದು, ಎರಡೂ ಒಟ್ಟಿಗೆ ಕಳಿಸಿ. ಮೊದಲು ಶಾಫ್ಟ್ ಗ್ರೈಂಡ್ ಆಗಲಿ, ಅದರ ಅಳತೆ ಹಿಡಿದೇ ಬುಷ್ ಬೋರ್ ಮಾಡುತ್ತೇವೆ. ಎರಡೂ ತುದಿಯ ಬುಷ್ ಎಡ ಬಲ ಬೇರೆ ಬೇರೆ ಆಗುತ್ತವೆ, ಗ್ರೀಸಿನ ತೂತು ಎರಡರಲ್ಲೂ ಸಿಪ್ಪೆ ಬದಿಗೇ ಬರಬೇಕಲ್ಲ. ಹಾಗಾಗಿ ಇನ್ನೊಂದು ತುದಿಯ ಹಳೆ ಬುಷ್ಷಿಗೂ ಪಂಚ್ ಗುರುತು ಹಾಕಿ, ಯಾವುದು ಗೇರ್ ಕಡೆಯದು ಅಂತ ಬರೆದು ಕಳಿಸಿ.